ಅತ್ತೆಯ ಬೆರಳಿಗೆ ಸಿಕ್ಕ ದಾರ

“ಇದು ಸವ್ದೋಗೈತೆ ಕಣಮ್ಮ,” ಎಂದರು ಅತ್ತೆ, ನಾನು ಆಗಷ್ಟೇ ‘ಸರಿಯಿದೆ’ ಎಂದು ಬರೆದಿದ್ದ ಪ್ಯಾರಾಚೂಟಿನ ಒಂದು ದಾರವನ್ನು ಹಿಡಿದು.

ವಿಮಾನದಿಂದ ಜಿಗಿಯುವವರ ಪ್ಯಾರಾಚೂಟುಗಳನ್ನು ಪರೀಕ್ಷಿಸಿ ರಿಪೇರಿ ಮಾಡುವುದು ನನ್ನ ಕೆಲಸ. ಬಿಸಿಲು ತಾಕಿದರೆ ಬಟ್ಟೆ ಕೆಡುತ್ತದೆಂದು ಶಿಡ್ಲಘಟ್ಟದ ನಮ್ಮ ಮನೆಯ ಹಾಲ್‌ನಲ್ಲೇ ಒಂದನ್ನು ಹರಡಿಕೊಂಡಿದ್ದೆ. ಅಡುಗೆಮನೆಗೆ ಹೋಗಲು ದಾರಿಯಿಲ್ಲದೆ ಅತ್ತೆ ಬಾಗಿಲಲ್ಲೇ ಕೂತು, ಕೈಗೆ ಸಿಕ್ಕ ದಾರಗಳನ್ನು ಸವರುತ್ತಿದ್ದರು. ಮೂವತ್ತು ವರ್ಷ ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಬೆರಳುಗಳು, ಸುಮ್ಮನೆ ಇರಬೇಕಲ್ಲ!

ದಾರವನ್ನು ದೀಪದ ಕೆಳಗೆ ಹಿಡಿದು ಮತ್ತೆ ನೋಡಿದೆ. ಹೊಸದರ ಹಾಗೇ ಇತ್ತು. ಅತ್ತೆಗೂ ಹಾಗೇ ಹೇಳಿದೆ.

“ಕಣ್ಣಿಗೆ ಎಲ್ಲಾ ಹೊಸದೇ. ಕಣ್ಮುಚ್ಕೊಂಡು ಎಳ್ದು ನೋಡು. ಓದಿರೋಳಲ್ವಾ, ಗೊತ್ತಾಗುತ್ತೆ,” ಎಂದು ನಕ್ಕರು.

ಕಣ್ಣು ಮುಚ್ಚಿ, ಬೆರಳುಗಳ ನಡುವೆ ದಾರವನ್ನು ನಿಧಾನವಾಗಿ ಎಳೆದೆ. ಒಂದು ಕಡೆ ಅದು ತುಸು ತೆಳ್ಳಗಾಗಿ, ಸಣ್ಣಗೆ ತರಿತರಿಯಾಗಿ ಬೆರಳಿಗೆ ತಾಕಿತು. ಭಾನುವಾರ ಅದನ್ನೇ ಕಟ್ಟಿಕೊಂಡು ಒಬ್ಬರು ಜಿಗಿಯುವವರಿದ್ದರು. ‘ಸರಿಯಿದೆ’ ಎಂಬುದನ್ನು ಹೊಡೆದುಹಾಕಿ, ‘ದಾರ ಬದಲಿಸಬೇಕು’ ಎಂದು ಬರೆದೆ. ಅತ್ತೆ ಅಡುಗೆಮನೆಗೆ ದಾರಿ ಬಿಡಿಸಿಕೊಂಡು ಎದ್ದುಹೋದರು.

ಅಂದಿನಿಂದ ನಾನು, ಮನೆಯಲ್ಲಾಗಲಿ ಜಿಗಿಯುವ ಮೈದಾನದಲ್ಲಾಗಲಿ, ಎಲ್ಲ ದಾರಗಳನ್ನೂ ಒಮ್ಮೆ ಕಣ್ಣು ಮುಚ್ಚಿಯೇ ಪರೀಕ್ಷಿಸುತ್ತೇನೆ. ಜಿಗಿಯಲು ಬಂದವರು ಮಾತ್ರ, ನಾನು ಅವರ ಪ್ಯಾರಾಚೂಟಿನ ಮುಂದೆ ಕೂತು ದೇವರನ್ನು ಬೇಡಿಕೊಳ್ಳುತ್ತಿದ್ದೇನೆ ಅಂದುಕೊಂಡು ಬೆವರುತ್ತಾರೆ.