ದರೋಡೆಕೋರನ ಮಾಸ್ತರರು

ಹೋದ ವಾರ ಇಲ್ಲಿ ಲಂಡನ್ನಿನ ಎಜ್‌ವೇರಿನ ಅಂಗಡಿಯೊಂದರಲ್ಲಿ ಕಪ್ಪು ಬ್ರೆಡ್ ಕೈಗೆತ್ತಿಕೊಂಡೆ. ಶಾಜೀರಿಗೆಯ ವಾಸನೆ ಬಂತು. ಹಿಂದೆ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಜರ್ಮನ್ ಮಾಸ್ತರರ ಅಡುಗೆಮನೆಯೇ ಎದುರಿಗೆ ನಿಂತ ಹಾಗಾಯಿತು...

ತೊಂಬತ್ತರ ದಶಕದ ಮಾತು. ನಾನು ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದೆ. ಅವರು ನಿವೃತ್ತರಾಗಿ ಒಂದೇ ಪುಸ್ತಕವನ್ನು ಹನ್ನೆರಡು ವರ್ಷದಿಂದ ಬರೆಯುತ್ತಿದ್ದರು. ಐನೂರು ವರ್ಷದ ಹಿಂದೆ ಅವರ ಊರ ಕಡೆ ಒಬ್ಬ ಸರದಾರನಿದ್ದನಂತೆ. ಕುದುರೆ ಏರಿ ಬಂದು ವ್ಯಾಪಾರಿಗಳ ಗಾಡಿ ದೋಚುವುದೇ ಕಸುಬು. ಸತ್ತ ಮೇಲೆ ಲಾವಣಿಯವರು ಅವನನ್ನು ಶೂರ ಮಾಡಿದರು, ನಾಟಕದವರು ಬಡವರ ಬಂಧು ಮಾಡಿದರು, ಶಾಲೆಯ ಪಾಠದಲ್ಲಿ ದೇಶಭಕ್ತನೇ ಆಗಿಬಿಟ್ಟ. ಕಳ್ಳ ಹೀಗೆ ಪುಸ್ತಕದಿಂದ ಪುಸ್ತಕಕ್ಕೆ ದೊಡ್ಡವನಾದ ಬಗೆಯೇ ಮಾಸ್ತರರ ವಿಷಯ. ಕೊನೆಯ ಅಧ್ಯಾಯವೊಂದೇ ಬಾಕಿ ಇತ್ತು.

ಭಾನುವಾರ ಚಹಾಕ್ಕೆ ಕರೆದು ಓದಿ ಹೇಳುತ್ತಿದ್ದರು. ಒಂದು ವಾರ ನನ್ನ ವ್ಯಾನಿನ ಬೀಗ ಮುರಿದು ಯಾರೋ ಸೀರೆ ಗಂಟು ಎತ್ತಿಕೊಂಡು ಹೋಗಿದ್ದರು. ತಲೆ ಕೆಟ್ಟಿತ್ತು. ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ: "ಅಲ್ಲ ಮಾಸ್ತರೇ, ಗಾಡಿ ಕಳಕೊಂಡವರ ಮೇಲೆ ಯಾರೂ ಹಾಡು ಕಟ್ಟಲಿಲ್ಲವೇ? ಅವರನ್ನೂ ಸೇರಿಸಿ. ವ್ಯಾಪಾರಿಯ ಮಾತು ಕೇಳಿ, ಪುಸ್ತಕಕ್ಕೆ ತೂಕ ಬರುತ್ತದೆ."

ಅವರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆಮೇಲೆ ಬರವಣಿಗೆ ನಿಂತೇ ಹೋಯಿತು. ಮಾಲು ಕಳಕೊಂಡ ಒಬ್ಬನ ಹೆಸರಾದರೂ ಸಿಕ್ಕೀತೆಂದು ಜರ್ಮನಿಯ ಊರೂರಿಗೆ ಪತ್ರ ಬರೆದರು, ಟ್ಯೂಬ್ ರೈಲು ಹತ್ತಿ ಲೈಬ್ರರಿ ಅಲೆದರು. ವರ್ಷಗಳು ಉರುಳಿದವು... ಸಿಕ್ಕಿದ್ದು ಯಾವುದೋ ಊರಿನ ಹಳೇ ದಫ್ತರದ ಒಂದು ಸಾಲು: ಮೂರು ಗಾಡಿ ಉಣ್ಣೆಬಟ್ಟೆ ಹೋಯಿತು. ಯಾರದೆಂದು ಬರೆದಿರಲಿಲ್ಲ.

"ಎಲ್ಲಾರಿಗೂ ಬುದ್ಧಿ ಹೇಳೂದ ನಿಮಗ ಕಸುಬ ಆಗೇದ," ಅಂದಳು ನನ್ನ ಹೆಂಡತಿ. "ಆ ಮುದುಕಪ್ಪ ಬರದು ಮುಗಸ್ತಿದ್ದ, ನೀವ ಹೋಗಿ ಅಡ್ಡ ಮಲಗಿದ್ರಿ."

ಕೆಳಗೆ ಹೋಗಿ ಕೈ ಮುಗಿದೆ. "ಬಿಡಿ ಮಾಸ್ತರೇ, ಇದ್ದಷ್ಟು ಅಚ್ಚು ಹಾಕಿಸಿ. ಎಂಥ ಚೌಕಾಸಿಯಲ್ಲೂ ಒಂದು ಹಂತಕ್ಕೆ ಆಯ್ತು ಅನ್ನಬೇಕು."

"ನೀನು ಕೇಳುವ ಮುಂಚೆ ಆಗಿದ್ದರೆ ಅನ್ನುತ್ತಿದ್ದೆ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಚಳಿಗಾಲ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಹಿಂದೆ ಮುಂದೆ ಯಾರೂ ಇರಲಿಲ್ಲ. ಮನೆ ಮಾಲೀಕನ ಆಳುಗಳು ಫ್ಲ್ಯಾಟ್ ಖಾಲಿ ಮಾಡಿದರು. ನಾನು ಸಂತೆಯಿಂದ ಬರುವಷ್ಟರಲ್ಲಿ ಕಾಗದವೆಲ್ಲ ತುಂಬಿಕೊಂಡು ಕಸದ ಲಾರಿ ಹೋಗಿತ್ತು...

ಮೊನ್ನೆ ಮಗಳನ್ನು ಕೂರಿಸಿಕೊಂಡು ಇಂಟರ್ನೆಟ್ಟಿನಲ್ಲಿ ಹುಡುಕಿಸಿದೆ. ಆ ಸರದಾರನ ಮೇಲೆ ಇನ್ನೂ ಪುಸ್ತಕಗಳು ಬರುತ್ತಲೇ ಇವೆ. ಮಾಸ್ತರರ ಹೆಸರು ಹಾಕಿ ನೋಡು ಅಂದೆ. ಹಾಕಿದಳು.

"ನಥಿಂಗ್, ಅಪ್ಪಾ," ಅಂದಳು.