ಅಕ್ಕನ ಊರಿನಲ್ಲಿ ಎರಡು ದಿನ

ಅಕ್ಕ ಆಕ್ಸ್‌ಫರ್ಡಿನಲ್ಲಿ ಏಳು ವರ್ಷ ಇದ್ದಳು. ಪ್ರಯೋಗಾಲಯವೊಂದರಲ್ಲಿ ಕೆಲಸ. ಮದುವೆ ಮಾಡಿಕೊಂಡಿರಲಿಲ್ಲ. ಫೋನ್ ಮಾಡಿದಾಗಲೆಲ್ಲ, “ಬಾರೇ, ಊರು ತೋರಿಸ್ತೀನಿ” ಎನ್ನುತ್ತಿದ್ದಳು. ನಾನು ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ ಕೂತು, “ಮುಂದಿನ ಸಮ್ಮರ್‌ಗೆ ಗ್ಯಾರಂಟಿ ಕಣೇ” ಎನ್ನುತ್ತಿದ್ದೆ.

ಕೋವಿಡ್‌ನ ಮೊದಲ ಚಳಿಗಾಲದಲ್ಲಿ ಅವಳು ಹೋಗಿಬಿಟ್ಟಳು. ಅಮೆರಿಕ ಬಿಟ್ಟು ಹೊರಟರೆ ವೀಸಾ ಸ್ಟಾಂಪಿಂಗ್ ಆಗಿ ವಾಪಸ್ ಬರುವ ಖಾತ್ರಿ ನನಗಿರಲಿಲ್ಲ. ಅಡುಗೆಮನೆಯ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳ ಅಂತ್ಯಸಂಸ್ಕಾರ ನೋಡಿದೆ. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು. ಮುಗಿದ ಮೇಲೆ ಮುಖ ತೊಳೆದು ಹತ್ತು ಗಂಟೆಯ ಮೀಟಿಂಗಿಗೆ ಲಾಗಿನ್ ಆದೆ. ಅವತ್ತು ಅಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಮೂರು ವರ್ಷ ಕಳೆದ ಮೇಲೆ ಮಗಳ ಜೊತೆ ಮೈಸೂರಿಗೆ ಹೊರಟಾಗ, ಲಂಡನ್ನಿನಲ್ಲಿ ವಿಮಾನ ಬದಲಿಸುವ ನೆಪದಲ್ಲಿ ಎರಡು ದಿನ ಬಿಡುವು ಮಾಡಿಕೊಂಡೆ. ಹದಿಮೂರರ ಮಗಳು ಆಕ್ಸ್‌ಫರ್ಡ್ ಬಸ್ಸಿನಲ್ಲಿ ಕೇಳಿದಳು: “ಅಮ್ಮ, ಇದು ಫನ್ ಟ್ರಿಪ್ ತಾನೇ?” ಹೌದು ಎಂದೆ.

ಹೌದೆನ್ನುವ ಹಾಗೆಯೇ ಶುರುವಾಯಿತು. ಜೇನಿನ ಬಣ್ಣದ ಕಲ್ಲಿನ ಗೋಡೆಗಳು, ಗೋಪುರದ ಸುರುಳಿ ಮೆಟ್ಟಿಲು, ಸೂರಿನಂಚಿನಿಂದ ಬಗ್ಗಿ ಹಲ್ಲು ಕಿರಿಯುವ ಕಲ್ಲಿನ ಮುಖಗಳು. ಮಗಳು ಪ್ರತಿಯೊಂದರ ಫೋಟೋ ತೆಗೆದಳು. ಡಿಸೆಂಬರಿನ ಚಳಿಗೆ ನಾನು ಮಫ್ಲರನ್ನು ಮೂಗಿನ ತನಕ ಸುತ್ತಿಕೊಂಡಿದ್ದೆ. ಮಧ್ಯಾಹ್ನ ಬೆಚ್ಚಗಾಗಲೆಂದು ಊರ ನಡುವಿನ, ಸೂರು ಹೊದಿಸಿದ ಹಳೆಯ ಮಾರುಕಟ್ಟೆಗೆ ನುಗ್ಗಿದೆವು.

ತರಕಾರಿ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಯಾರೋ ಕೂಗಿದರು. ತಿರುಗಿದೆ. ಅರವತ್ತು ದಾಟಿದ, ಕೆಂಪು ಮುಖದ ಅಂಗಡಿಯವನು ನನ್ನನ್ನೇ ನೋಡಿ ನಗುತ್ತಿದ್ದ.

“ಅಂತೂ ಬಂದಿರಲ್ಲ! ಎಲ್ಲಿ ಮಾಯವಾಗಿದ್ದಿರಿ ಇಷ್ಟು ದಿನ?” ಎಂದ ತನ್ನ ಇಂಗ್ಲಿಷಿನಲ್ಲಿ. ನಾನು ಬಾಯಿ ತೆರೆಯುವುದರೊಳಗೆ ಒಂದು ಹಿಡಿ ಹಸಿಮೆಣಸಿನಕಾಯಿಯನ್ನು ಕಾಗದದ ಚೀಲಕ್ಕೆ ತುಂಬಿದ್ದ. “ಈ ಸಲದ್ದು ಖಾರ ಇದೆ. ಸಪ್ಪೆ ಅಂತ ಬೈಬೇಡಿ. ದುಡ್ಡು ಬೇಡ, ವಾಪಸ್ ಬಂದದ್ದಕ್ಕೆ ಇದು.”

ನನಗೂ ಅಕ್ಕನಿಗೂ ಒಂದೇ ಕಣ್ಣು. ಮಾಸ್ಕಿನ ಕಾಲದಲ್ಲಿ ಆತ ಕೊನೆಕೊನೆಗೆ ನೋಡಿದ್ದೂ ಬಹುಶಃ ಅಷ್ಟೇ. ಮಫ್ಲರ್ ಕೆಳಗಿಳಿಸಿ, ನಾನು ಅವಳಲ್ಲ ಎನ್ನಬೇಕಿತ್ತು. ಆದರೆ ಹೌದೆಂಬಂತೆ ತಲೆಯಾಡಿಸಿದೆ. ಚೀಲ ತೆಗೆದುಕೊಂಡು ಹೊರಗೆ ಬಂದೆ.

“ಅಮ್ಮ, ಅವ್ರು ನಿನ್ನನ್ನ ದೊಡ್ಡಮ್ಮ ಅನ್ಕೊಂಡ್ರು” ಎಂದಳು ಮಗಳು.

“ಗೊತ್ತು.”

“ಮತ್ತೆ ಯಾಕೆ ಹೇಳಿಲ್ಲ? ದಟ್ಸ್ ಸೋ ಕ್ರೀಪಿ.”

ಅಲ್ಲಿಂದ ಮುಂದೆ ಊರು ಬೇರೆಯಾಯಿತು. ಸೇತುವೆಯ ಮೇಲೆ ಸೈಕಲ್ಲಿನಲ್ಲಿ ಹೋದವನೊಬ್ಬ ತಲೆಬಾಗಿಸಿದ. ನನಗೋ, ಅವಳಿಗೋ ತಿಳಿಯಲಿಲ್ಲ. ಪುಸ್ತಕದಂಗಡಿಯ ಗಾಜಿನಲ್ಲಿ ನನ್ನ ಪ್ರತಿಬಿಂಬ ಕಂಡಾಗ ಒಂದು ಕ್ಷಣ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದೇನೆ ಎಂದು ಗಮನಕ್ಕೆ ಬಂದದ್ದು ನದೀ ದಂಡೆಯಲ್ಲಿ. ಅದು ನನ್ನ ನಡಿಗೆಯಲ್ಲ, ಅಕ್ಕನದು. ಮಗಳು ನನ್ನ ತೋಳು ಹಿಡಿದುಕೊಂಡವಳು ಹೋಟೆಲ್ ತಲುಪುವ ತನಕ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಮ್ಯೂಸಿಯಂ ನೋಡುವುದಿತ್ತು. “ಮೊದ್ಲು ಮಾರ್ಕೆಟ್‌ಗೆ ಹೋಗೋಣ, ಅವ್ರಿಗೆ ಹೇಳ್ಬೇಕು” ಎಂದೆ. ಮಗಳು ಶೂ ಹಾಕಿಕೊಂಡಳು.

ಅಂಗಡಿಯವನು ಕ್ಯಾರೆಟ್ ಜೋಡಿಸುತ್ತಿದ್ದ. ಮಫ್ಲರ್ ಬಿಚ್ಚಿ ಎದುರಿಗೆ ನಿಂತೆ. “ನೀವು ಅಂದುಕೊಂಡವಳು ನನ್ನ ಅಕ್ಕ. ನಿನ್ನೆ ಬಂದದ್ದು ನಾನು, ಅವಳ ತಂಗಿ. ಅವಳು ತೀರಿಕೊಂಡು ಮೂರು ವರ್ಷ ಆಯಿತು. ನಿನ್ನೆಯೇ ಹೇಳಬೇಕಿತ್ತು, ತಪ್ಪಾಯಿತು.”

ಆತ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಲ್ಲೇ ಇದ್ದ ಖಾಲಿ ಪೆಟ್ಟಿಗೆಯೊಂದರ ಮೇಲೆ ಕುಳಿತುಬಿಟ್ಟ.

“ಬೇರೆ ಊರಲ್ಲಿ ಕೆಲಸ ಸಿಕ್ಕಿರಬೇಕು ಅಂದುಕೊಂಡಿದ್ದೆ” ಎಂದ. ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡ. “ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಪ್ರತಿ ಶನಿವಾರ ಬಂದು ಕೇಳುತ್ತಿದ್ದರು, ಹೇಗಿದ್ದಾರೆ ಅಂತ. ಅವರ ಹೆಸರೇ ಕೇಳಿಕೊಳ್ಳಲಿಲ್ಲ ನಾನು.”

ಹೆಸರು ಹೇಳಿದೆ. ಆತ ತಪ್ಪಾಗಿ ಉಚ್ಚರಿಸಿದ. ಇನ್ನೊಮ್ಮೆ ಹೇಳಿಕೊಟ್ಟೆ. ಮೂರನೆಯ ಸಲ ಸರಿಯಾಗಿ ಹೇಳಿದ. ಆಗ ಟೊಮೆಟೊ ಬುಟ್ಟಿಯ ಅಂಚು ಹಿಡಿದುಕೊಂಡು, ಹೋಗಿಬರುವವರ ನಡುವೆ, ಮಗಳೆದುರಿಗೇ ಅತ್ತೆ. ಅಕ್ಕನಿಗಾಗಿ ನನ್ನ ಜೊತೆ ಅತ್ತ ಮೊದಲ ಮನುಷ್ಯ ಅವನೇ.

ಆದರೆ ವಿಮಾನ ನಿಲ್ದಾಣದ ಬಸ್ಸಿನಲ್ಲಿ ನೆಮ್ಮದಿ ಇರಲಿಲ್ಲ. ನಿನ್ನೆಯವರೆಗೆ ಆ ಅಂಗಡಿಯ ಪಾಲಿಗಾದರೂ ಅಕ್ಕ ಬದುಕಿದ್ದಳು, ಎಲ್ಲೋ ಬೇರೆ ಊರಿನಲ್ಲಿ. ನಾನು ಹೋಗಿ ಅಲ್ಲೂ ಅವಳನ್ನು ಸಾಯಿಸಿ ಬಂದೆ ಅನಿಸಿತು. ಮಗಳಿಗೆ ಹೇಳಿದೆ. “ಆರ್ ಯೂ ಓಕೆ, ಅಮ್ಮ?” ಎಂದಳು. ಅವಳ ತಲೆ ಸವರಿದೆ.

ಅಮ್ಮ ಮೈಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಕಾಫಿ ಕುಡಿಯುತ್ತಾ ಅವಳಿಗೆ ಮಾರುಕಟ್ಟೆಯ ಸಂಗತಿ ಹೇಳಿದೆ, ಮೊದಲ ದಿನದ್ದು ಮಾತ್ರ. ಎರಡನೆಯ ದಿನದ್ದು ಬಾಯಿಗೆ ಬರಲಿಲ್ಲ. ಅವಳೂ ಮುಂದೇನಾಯಿತೆಂದು ಕೇಳಲಿಲ್ಲ.

ಲೋಟ ಕೆಳಗಿಟ್ಟು ಅಂದಳು: “ಆ ಊರಲ್ಲಿ ಅವಳನ್ನ ಕೇಳೋರು ಯಾರೂ ಇರ್ಲಿಲ್ಲ ಅಂದ್ಕೊಂಡಿದ್ದೆ ಕಣೇ.”