ಕಂಪ್ಯೂಟರಿನ ಹಿಂದಿದ್ದ ಕೆಂಪು ಸ್ವಿಚ್ಚು

ಹನ್ನೊಂದು ವರ್ಷ ನಮ್ಮಕ್ಕನಿಗೆ ನಾನು ಒಂದು ನಿಜ ಹೇಳಲಿಲ್ಲ. ಹೇಳಿ ಮುಗಿಸಲು ಅರ್ಧ ನಿಮಿಷವೂ ಬೇಕಿರಲಿಲ್ಲ. ಮನೆಯ ಕಂಪ್ಯೂಟರು ಸುಟ್ಟಿದ್ದು ಅವಳಿಂದಲ್ಲ, ನನ್ನಿಂದ. ಇಷ್ಟೇ. ಇಷ್ಟನ್ನು ನಾನು ನುಂಗಿಕೊಂಡಿದ್ದರಿಂದ ಅವಳು ಕೂರಬೇಕಾಗಿದ್ದ ಒಂದು ಕುರ್ಚಿಯಲ್ಲಿ ಬೇರೆ ಯಾರೋ ಕೂತರು.

ನಾನು ಹತ್ತನೇ ಕ್ಲಾಸು ದಾಟಿದವನಲ್ಲ. ತೊಂಬತ್ತರ ದಶಕದಲ್ಲಿ ಮಂಡಿ ಮೊಹಲ್ಲಾದ ಒಂದು ಮೋಟಾರು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಯಾದವಗಿರಿಯ ಒಂದು ಬಂಗಲೆಗೆ ನೀರಿನ ಪಂಪು ಬಿಚ್ಚಲು ಹೋಗಿದ್ದಾಗ ಆ ಮನೆಯವರು ಮೂಲೆಯಲ್ಲಿದ್ದ ಹಳೇ ಕಂಪ್ಯೂಟರು ತೋರಿಸಿ, ಇದು ಆನ್ ಆಗಲ್ಲ, ಬೇಕಿದ್ರೆ ತಗೊಂಡು ಹೋಗಪ್ಪ ಅಂದರು. ಆಟೋದಲ್ಲಿ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ತಬ್ಬಿ ಮನೆಗೆ ತಂದೆ. ಒಂದು ವಾರ ಬಿಚ್ಚಿದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ. ಕೊನೆಗೆ ಮೆಮರಿ ಕಡ್ಡಿಯನ್ನು ಹೊರಗೆ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಕೂರಿಸಿದಾಗ ಬೀಪ್ ಅಂತ ಒಂದು ಸದ್ದು ಮಾಡಿ ಎದ್ದುಬಿಟ್ಟಿತು. ಇವತ್ತಿಗೂ ನನ್ನ ಚೀಲದಲ್ಲಿ ಒಂದು ರಬ್ಬರು ಇದ್ದೇ ಇರುತ್ತದೆ.

ಎದ್ದಿತು ಸರಿ, ಆದರೆ ಅದು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಅಕ್ಷರ ಕೂಡಿಸಿ ಓದುವುದು ನನಗೆ ಬರುತ್ತಿತ್ತು, ಅರ್ಥ ಸಿಗುತ್ತಿರಲಿಲ್ಲ. ಅಕ್ಕ ಪಿಯುಸಿ ಮುಗಿಸಿ ಟೈಪಿಂಗ್ ಕಲಿತಿದ್ದಳು. ಹರಿದ ಒಂದು ಡಿಕ್ಷನರಿ ಹಿಡಿದು ಪಕ್ಕದಲ್ಲಿ ಬಂದು ಕೂತಳು. ಮೊದಲ ದಿನವೇ ಪರದೆಯ ಮೇಲಿದ್ದ ಎರಡು ಸಾಲು ಓದಿ ನಕ್ಕಳು.

"ಕೀಬೋರ್ಡೇ ಕಾಣ್ತಿಲ್ವಂತೆ ಕಣೋ. ಮುಂದಕ್ಕೆ ಹೋಗ್ಬೇಕು ಅಂದ್ರೆ ಕೀಬೋರ್ಡಲ್ಲಿ ಒಂದು ಗುಂಡಿ ಒತ್ಬೇಕಂತೆ. ಇದನ್ನ ಬರ್ದೋನೂ ನಿನ್ನಷ್ಟೇ ಓದಿರ್ಬೇಕು."

ಹಿಂದೆ ಸಡಿಲವಾಗಿದ್ದ ಕೀಬೋರ್ಡಿನ ವೈರನ್ನು ಒತ್ತಿದೆ, ಸರಿಹೋಯಿತು. ಅವಳು ಅದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಳು. ಮಿಷನ್ ಹೇಳಿದ ಇಂಗ್ಲಿಷ್ ಮಾತು ಕನ್ನಡ ಅಕ್ಷರದಲ್ಲಿ, ಅದರ ಕೆಳಗೆ ಅರ್ಥ, ಅದರ ಕೆಳಗೆ ನಾನು ಏನು ಮಾಡಿದಾಗ ಸರಿಹೋಯಿತು ಅನ್ನುವುದು. ಹೀಗೇ ಪುಟ ತುಂಬುತ್ತಾ ಹೋಯಿತು. 'ಫ್ಲಾಪಿ ಒಳಗೇ ಮರೆತು ಆನ್ ಮಾಡಿದರೆ ಹೀಗನ್ನುತ್ತದೆ. ಹೆದರಬೇಡ. ತೆಗೆ.' ಆ 'ಹೆದರಬೇಡ' ನನಗೆಂದೇ ಬರೆದದ್ದು. ಏನೇ ಕೆಂಪಗೆ ಕಂಡರೂ ನಾನು ಪ್ಲಗ್ ಕಿತ್ತುಬಿಡುತ್ತಿದ್ದೆ.

ನಾನು ಒಳಗಿನದ್ದನ್ನು ಕಲಿಯುವಷ್ಟರಲ್ಲಿ ಅವಳು ಕನ್ನಡ ಟೈಪು ಮಾಡುವುದನ್ನು ಕಲಿತುಕೊಂಡಿದ್ದಳು. ಮನೆಯ ಪಕ್ಕದವರ ಅರ್ಜಿ, ಯಾರದೋ ಗೃಹಪ್ರವೇಶದ ಕರೆಯೋಲೆ, ಎಲ್ಲ ಅವಳ ಕೈಯಲ್ಲೇ. ಅಶೋಕಪುರಂನಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಒಬ್ಬಾಕೆ ಅದನ್ನು ನೋಡಿ, ದಸರಾ ಮುಗಿದ ಮೇಲೆ ಕೆಲಸಕ್ಕೆ ಬನ್ನಿ ಅಂದರು. ಅಕ್ಕ ಅದನ್ನು ಮೊದಲು ಹೇಳಿದ್ದು ನನಗೆ, ತಲೆ ಬಾಚಿಕೊಳ್ಳುತ್ತಾ. "ನಂದೇ ಅಂತ ಒಂದು ಕುರ್ಚಿ ಇರತ್ತಂತೆ ಕಣೋ. ತಿರುಗೋದು."

ಈಗ ನನ್ನ ತಪ್ಪಿನ ವಿಷಯ. ದಸರಾ ದೀಪ ಹತ್ತಿಕೊಂಡ ಸಂಜೆಗಳಲ್ಲಿ ನಮ್ಮ ಓಣಿಯಲ್ಲಿ ವೋಲ್ಟೇಜ್ ಬೀಳುತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ಬಲ್ಬು ಮಾತ್ರ ಹಣ್ಣೆಲೆಯ ಬಣ್ಣಕ್ಕೆ ಬರುತ್ತಿತ್ತು. ಕಂಪ್ಯೂಟರು ತನ್ನಷ್ಟಕ್ಕೆ ಆರಿ ಮತ್ತೆ ಹತ್ತುತ್ತಿತ್ತು. ಅಕ್ಕ ಟೈಪು ಮಾಡಿದ್ದು ಹೋಗುತ್ತಿತ್ತು. ಕಂಪ್ಯೂಟರಿನ ಹಿಂದೆ, ಕರೆಂಟು ಒಳಗೆ ಹೋಗುವ ಜಾಗದಲ್ಲಿ ಒಂದು ಸಣ್ಣ ಕೆಂಪು ಸ್ವಿಚ್ಚಿತ್ತು. ಒಂದು ಕಡೆ ತಳ್ಳಿದರೆ ೨೩೦ ಕಾಣುತ್ತಿತ್ತು, ಇನ್ನೊಂದು ಕಡೆ ತಳ್ಳಿದರೆ ೧೧೫. ಕಡಿಮೆ ವೋಲ್ಟೇಜಿನ ದೇಶಗಳಲ್ಲಿ ಬಳಸಲು ಇಟ್ಟ ಸ್ವಿಚ್ಚದು, ನಮ್ಮಲ್ಲಿ ಮುಟ್ಟಲೇಬಾರದು. ನನಗೆ ಅದು ಗೊತ್ತಿರಲಿಲ್ಲ. ಸ್ಟೆಬಿಲೈಸರ್ ರಿಪೇರಿ ಮಾಡಿ ಗೊತ್ತಿದ್ದ ನನ್ನ ಅರ್ಧ ತಲೆಗೆ, ಇದು ವೋಲ್ಟೇಜ್ ಬಿದ್ದಾಗ ಹಾಕುವ ಸ್ವಿಚ್ಚು ಅನ್ನಿಸಿತು. ಆಯುಧಪೂಜೆಯ ಹಿಂದಿನ ಸಂಜೆ, ಅಕ್ಕ ಹೂವು ತರಲು ಹೋಗಿದ್ದಾಗ, ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ೧೧೫ಕ್ಕೆ ತಳ್ಳಿದೆ. ಆ ಮಂದ ಕರೆಂಟಿನಲ್ಲಿ ಕಂಪ್ಯೂಟರು ಒಂದು ಸಲವೂ ಆರದೆ ನಡೆಯಿತು. ಎಷ್ಟು ಹೆಮ್ಮೆಪಟ್ಟೆನೆಂದರೆ, ಅಕ್ಕನಿಗೆ ಬೆಳಗ್ಗೆ ಹೇಳಿ ಆಶ್ಚರ್ಯಪಡಿಸಬೇಕೆಂದು ಸುಮ್ಮನೆ ಮುಚ್ಚಿಟ್ಟೆ.

ಬೆಳಗ್ಗೆ ಕರೆಂಟು ಪೂರ್ತಿ ಬಂದಿತ್ತು. ಅಕ್ಕ ತಲೆಗೆ ನೀರು ಹಾಕಿಕೊಂಡು, ಮಾನಿಟರಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಹೂವಿಟ್ಟಳು. ನನ್ನ ಕಟಿಂಗ್ ಪ್ಲೇಯರಿಗೂ ಕುಂಕುಮವಾಯಿತು. ಹೂವಿನಿಂದ ಒಂದೆರಡು ಹನಿ ನೀರು ಪ್ರೋಕ್ಷಣೆ ಮಾಡಿ, ಮಂಗಳಾರತಿ ಎತ್ತಿ, ಪೂಜೆ ಆದ ಮೇಲೆ ಒಮ್ಮೆ ಆನ್ ಮಾಡಬೇಕೆಂದು ತಾನೇ ಗುಂಡಿ ಒತ್ತಿದಳು. ಢಬ್ ಅಂತ ಪಟಾಕಿಯ ಸದ್ದು. ಹಿಂದಿನಿಂದ ಹೊಗೆ, ಕೊಬ್ಬರಿ ಸುಟ್ಟ ಹಾಗೆ ಒಂದು ಕಮಟು. ಅಕ್ಕ ಕೈಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು.

ಪ್ಲಗ್ ಕಿತ್ತು ಕಂಪ್ಯೂಟರನ್ನು ಈಚೆಗೆ ತಿರುಗಿಸಿದೆ. ೧೧೫ ಅನ್ನುವುದು ನನ್ನ ಮುಖವನ್ನೇ ನೋಡುತ್ತಿತ್ತು. ಆ ಕ್ಷಣವೇ ಎಲ್ಲ ಅರ್ಥವಾಯಿತು. ಬಾಗಿಲಲ್ಲಿ ಅಮ್ಮ ನಿಂತಿದ್ದರು. ಏನಾಯ್ತೋ, ಕೆಡಿಸಿಬುಟ್ಯಾ ಅಂತ ಕೇಳಿದರು. ಮನೆಯಲ್ಲಿ ನನಗಿದ್ದ ಮರ್ಯಾದೆಯೆಂದರೆ ಈ ಒಂದು ವಿದ್ಯೆ. ಓದಲಿಲ್ಲ, ಆದರೂ ಇದೊಂದು ಬರತ್ತೆ ಅಂತ ಅಮ್ಮ ನೆಂಟರ ಮುಂದೆ ಹೇಳುತ್ತಿದ್ದರು. ಹೆಬ್ಬೆರಳಿನ ಉಗುರಿನಿಂದ ಸ್ವಿಚ್ಚನ್ನು ಮೆಲ್ಲಗೆ ೨೩೦ಕ್ಕೆ ತಳ್ಳಿ, ನಾನು ಹೇಳಿದೆ:

"ನೀರು ಒಳಗೋಗಿದೆ. ಅಕ್ಕ ನೀರು ಚಿಮುಕಿಸಿದ್ಳಲ್ಲ."

ಅಕ್ಕ ವಾದ ಮಾಡಲಿಲ್ಲ. ಎರಡೇ ಹನಿ ಕಣೋ ಅಂದಳು, ಅಷ್ಟೇ. ಆಮೇಲೆ ಮಾನಿಟರಿನ ಮೇಲಿದ್ದ ಹೂವನ್ನು ಎತ್ತಿಕೊಂಡು ಒಳಗೆ ಹೋದಳು.

ಸುಟ್ಟಿದ್ದು ಪವರ್ ಸಪ್ಲೈ, ಅಂದರೆ ಆ ಸ್ವಿಚ್ಚಿದ್ದ ಕರೆಂಟಿನ ಡಬ್ಬಿ. ಬೇರೆಯದು ಹುಡುಕಿ ಹಾಕಿ, ಹದಿನೈದು ದಿನದಲ್ಲಿ ಕಂಪ್ಯೂಟರು ಮತ್ತೆ ನಡೆಯುವ ಹಾಗೆ ಮಾಡಿದೆ. ಅಕ್ಕ ಮಾತ್ರ ಅದರ ಮುಂದೆ ಕೂರಲಿಲ್ಲ. ಅಶೋಕಪುರಂನಿಂದ ಎರಡು ಸಲ ಹೇಳಿಕಳಿಸಿದರು. ಅವರ ಮಿಷನ್ನೂ ಸುಟ್ಟರೆ ಯಾರು ಉತ್ತರ ಕೊಡೋದು ಅಂದುಕೊಂಡು ಇವಳು ಹೋಗಲಿಲ್ಲ. ಸೀರೆಗೆ ಫಾಲ್ಸ್ ಹೊಲಿಯಲು ಶುರುಮಾಡಿದಳು. ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಕೊಡುತ್ತೇನೆಂದು ಎಷ್ಟು ಸಲ ಹೇಳಿದರೂ ಬೇಡ ಅಂದು ಕಾಲಲ್ಲೇ ತುಳಿದಳು.

ಆ ನೋಟುಪುಸ್ತಕ ನನ್ನ ಹತ್ತಿರ ಉಳಿಯಿತು. ಅದನ್ನು ಚೀಲದಲ್ಲಿಟ್ಟುಕೊಂಡೇ ನಾನು ಮನೆಮನೆಗೆ ರಿಪೇರಿಗೆ ಹೋದೆ, ಆಮೇಲೆ ಮಂಡಿ ಮೊಹಲ್ಲಾದಲ್ಲಿ ನನ್ನದೇ ಸಣ್ಣ ಅಂಗಡಿ ಇಟ್ಟೆ. ಈ ಕಸುಬಿನಲ್ಲಿ ನನಗೆ ಕೆಲವು ಅಭಿಪ್ರಾಯಗಳಿವೆ. ಪವರ್ ಸಪ್ಲೈ ಅಗ್ಗದ್ದು ತರಬೇಡಿ. ಸರಿಯಾಗಿ ನಡೆಯುತ್ತಿರುವ ಕಂಪ್ಯೂಟರಿಗೆ, ಹೊಸದು ಬಂದಿದೆ ಅಂತ ಸಾಫ್ಟ್‌ವೇರ್ ಬದಲಾಯಿಸಬೇಡಿ. ವೈರಸ್ ಅನ್ನುವ ಮೊದಲು ಪ್ಲಗ್ ನೋಡಿ. ಇನ್ನೊಂದು ಇದೆ. ರಿಪೇರಿಯವರೆಲ್ಲ ಮೊದಲು ಕೇಳುವ ಪ್ರಶ್ನೆ, ನೀವು ಏನು ಮುಟ್ಟಿದ್ರಿ? ನಾನು ಅದನ್ನು ಯಾರನ್ನೂ ಕೇಳುವುದಿಲ್ಲ. ಕೆಡೋ ಮುಂಚೆ ಹೇಗಿತ್ತು ಅಂತ ಕೇಳುತ್ತೇನೆ. ಗಿರಾಕಿಗಳು ನನ್ನನ್ನು ತಾಳ್ಮೆಯವನು ಅನ್ನುತ್ತಾರೆ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ, ಒಂದು ಆಯುಧಪೂಜೆಯ ದಿನ ಅಕ್ಕ ಅಂಗಡಿಗೆ ಬಂದಿದ್ದಳು. ಕಡಲೆಪುರಿ, ಬಾಳೆಹಣ್ಣು ಎಲ್ಲ ಅವಳೇ ಜೋಡಿಸಿದಳು. ಹೊಸದಾಗಿ ತಂದಿದ್ದ ಕಂಪ್ಯೂಟರಿಗೆ ವಿಭೂತಿ ಹಚ್ಚು ಬಾರಕ್ಕ ಅಂತ ತಟ್ಟೆ ಕೊಟ್ಟೆ. ಅವಳು ತಟ್ಟೆಯನ್ನು ನನ್ನ ಕೈಗೇ ವಾಪಸ್ಸಿಟ್ಟಳು.

"ನೀನೇ ಹಚ್ಚಪ್ಪ. ನನ್ನ ಕೈ ಇದಕ್ಕೆ ಆಗಿಬರಲ್ಲ ಅಂತ ಗೊತ್ತಲ್ಲ."

ಬೇಸರದಲ್ಲಿ ಹೇಳಲಿಲ್ಲ. ನನಗೆ ಬದನೆಕಾಯಿ ಒಗ್ಗಲ್ಲ ಅನ್ನುವ ಹಾಗೆ ಹೇಳಿದಳು. ಹೇಳಿ, ಬಾಳೆಹಣ್ಣಿನ ಚಿಪ್ಪು ಬಿಡಿಸುತ್ತಾ ಕೂತಳು. ಆ ಕೈಯನ್ನು ನೋಡಿದೆ. ಸೂಜಿ ಚುಚ್ಚಿ ಚುಚ್ಚಿ ತೋರುಬೆರಳು ಗಡುಸಾಗಿತ್ತು.

ಅಟ್ಟದ ಮೇಲಿದ್ದ ಗುಜರಿಯಿಂದ ಒಂದು ಹಳೇ ಪವರ್ ಸಪ್ಲೈ ಇಳಿಸಿ, ಧೂಳು ಒರೆಸಿ, ಅವಳ ಮುಂದಿಟ್ಟೆ. ಕೆಂಪು ಸ್ವಿಚ್ಚು ತೋರಿಸಿದೆ. ಅದನ್ನು ಯಾರು, ಯಾವಾಗ, ಯಾವ ಕಡೆಗೆ ತಳ್ಳಿದ್ದರು ಅನ್ನುವುದನ್ನೆಲ್ಲ ತಲೆ ಎತ್ತದೆ ಹೇಳಿದೆ. ಅಕ್ಕ ಅದನ್ನು ಉಗುರಿನಿಂದ ಒಮ್ಮೆ ಅತ್ತ, ಒಮ್ಮೆ ಇತ್ತ ತಳ್ಳಿ ನೋಡಿದಳು.

"ನೀರಲ್ವಾ ಹಂಗಾದ್ರೆ?"

"ನೀರಲ್ಲ."

"ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಅಮ್ಮ ಬಾಗಿಲಲ್ಲಿ ನಿಂತಿದ್ದಾಗ್ಲೇ."

ಹೊರಗೆ ಯಾರೋ ಕುಂಬಳಕಾಯಿ ಒಡೆದ ಸದ್ದಾಯಿತು. ಅವಳ ಕೈ ಇನ್ನೂ ಆ ಸ್ವಿಚ್ಚಿನ ಮೇಲೇ ಇತ್ತು. ಹನ್ನೊಂದು ವರ್ಷ ಬಾಯಲ್ಲೇ ಇದ್ದ ಮಾತನ್ನು ಆ ಕೈಯನ್ನು ನೋಡುತ್ತಾ ಹೇಳಿದೆ.

"ನಿನ್ನ ಕೈದೇನೂ ತಪ್ಪಿರ್ಲಿಲ್ಲ. ಸುಟ್ಟಿದ್ದು ನಾನು, ಸುಳ್ಳು ಹೇಳಿದ್ದೂ ನಾನು. ತಪ್ಪಾಯ್ತು ಕಣಕ್ಕ."